ಅಕ್ಕನ ತೂಬಿನಲ್ಲಿ ಸಿಕ್ಕ ಶ್ರೀಲಂಕಾ

ನಾನು ವಿದೇಶಕ್ಕೆ ಹೋಗಿ ಬಂದವನು ಎಂಬುದನ್ನು ಈಚೆಗೆ ನಾನಾಗಿ ಯಾರಿಗೂ ಹೇಳುವುದಿಲ್ಲ. ಹೇಳಿದ ಕೂಡಲೇ ಎದುರಿನವರು ಯಾವ ದೇಶ ಎಂದು ಕೇಳುತ್ತಾರೆ. ನಾನು ಶ್ರೀಲಂಕಾ ಎನ್ನುತ್ತೇನೆ. ಏರಿದ್ದ ಅವರ ಹುಬ್ಬು ಏರಿದಷ್ಟೇ ಬೇಗ ಇಳಿಯುತ್ತದೆ. ನಮ್ಮ ಕಚೇರಿಯ ಅಟೆಂಡರಂತೂ, "ಅದು ಫಾರಿನ್ ಅಲ್ರಿ ಸರ, ರಾಮೇಶ್ವರದ ಮುಂದಿನ ಸ್ಟಾಪು" ಎಂದುಬಿಟ್ಟ. ಯೋಚಿಸಿ ನೋಡಿದರೆ ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಶಹಾಪುರದಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ನನ್ನ ಸೊಂಟ ಮೂರು ಕಡೆ ಹಿಡಿದುಕೊಂಡಿತ್ತು. ಬೆಂಗಳೂರಿನಿಂದ ಕೊಲಂಬೊಗೆ ಹೋಗುವಾಗ ವಿಮಾನದಲ್ಲಿ ಕೊಟ್ಟ ಚಹಾ ಕುಡಿದು ಮುಗಿಸುವ ಮೊದಲೇ, ಬೆಲ್ಟು ಕಟ್ಟಿಕೊಳ್ಳಿ, ಇಳಿಯುತ್ತಿದ್ದೇವೆ ಎಂದರು. ಆದರೂ ಪಾಸ್‌ಪೋರ್ಟಿನ ಮೇಲೆ ಒಂದು ಠಸ್ಸೆ ಬಿದ್ದ ಮೇಲೆ ಮನುಷ್ಯ ಮೊದಲಿನಂತೆ ಇರುವುದು ಕಷ್ಟ. ಆ ಠಸ್ಸೆ ನನ್ನ ತಲೆಯ ಮೇಲೂ ಬಿದ್ದಿದೆ ಎಂದು ನನಗೆ ತಿಳಿಯುವ ಹೊತ್ತಿಗೆ ನನ್ನ ಅಕ್ಕನ ಎರಡು ಎಕರೆ ಶೇಂಗಾ ಅರ್ಧ ಒಣಗಿತ್ತು. ಅದು ಹೇಗೆಂದು ಹೇಳುತ್ತೇನೆ. ಆದರೆ ಮೊದಲು ಶ್ರೀಲಂಕಾದ ಸುದ್ದಿ ಹೇಳಬೇಕು. ಅದನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದ ಈಗಲೂ ಆಗುವುದಿಲ್ಲ.

ನಾನು ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತ. ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟಿನಿಂದ ಬರುವ ನೀರು ನಮ್ಮ ಕಡೆಯ ಯಾವ ಕಾಲುವೆಯಲ್ಲಿ ಎಷ್ಟು ದಿನ ಚಾಲು ಇರಬೇಕು, ಎಷ್ಟು ದಿನ ಬಂದ್ ಇರಬೇಕು ಎಂಬ ಆದೇಶಗಳನ್ನು ಟೈಪು ಮಾಡುತ್ತೇನೆ. ನೀರಿಗೂ ನನಗೂ ಇರುವ ಸಂಬಂಧ ಅಷ್ಟೇ. ಇರುವುದು ಶಹಾಪುರದ ಹೊರಗಿನ ನೌಕರರ ಕ್ವಾರ್ಟರ್ಸಿನಲ್ಲಿ. ಕಾಲುವೆ ತೋಡುವಾಗ ಕಟ್ಟಿದ ಮನೆಗಳಾದ್ದರಿಂದ ಜನ ಅದನ್ನು ಇವತ್ತಿಗೂ ಕ್ಯಾಂಪು ಎನ್ನುತ್ತಾರೆ. ನಮ್ಮ ಬುದ್ಧವಿಹಾರದಿಂದ ಹದಿನಾಲ್ಕು ಮಂದಿ ಶ್ರೀಲಂಕಾ ಯಾತ್ರೆಗೆ ಹೊರಟಾಗ ನನ್ನ ಹೆಂಡತಿ ಶಾಂತಾ ಹೆಸರು ಬರೆಸಿದಳು, ನನ್ನ ಹೆಸರನ್ನೂ ಅವಳೇ ಬರೆಸಿದಳು. ದಸರಾ ರಜೆಯ ಜೊತೆಗೆ ನಾಲ್ಕು ದಿನ ಸೇರಿಸಿ ಅರ್ಜಿ ಕೊಟ್ಟೆ. ರಜೆಯ ಕಾರಣ ಎಂಬ ಜಾಗದಲ್ಲಿ "ವಿದೇಶ ಪ್ರಯಾಣ" ಎಂದು ಬರೆಯುವಾಗ ಅಕ್ಷರಗಳು ಎಂದಿಗಿಂತ ಸ್ವಲ್ಪ ದೊಡ್ಡವಾದವು.

ಅಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸ್ತೂಪವಲ್ಲ, ಕಸಬರಿಗೆ. ಅನುರಾಧಪುರದಲ್ಲಿ ನಾವು ಇಳಿದುಕೊಂಡಿದ್ದ ಛತ್ರದ ಎದುರಿಗೆ ಒಂದು ಸಣ್ಣ ಅಂಗಡಿ. ಅದರ ಮುದುಕಿ ಮುಂಜಾನೆ ಎದ್ದು ತನ್ನ ಅಂಗಡಿಯ ಮುಂದೆ ಗುಡಿಸುತ್ತ ಗುಡಿಸುತ್ತ ಪಕ್ಕದ ಮನೆಯ ಹೊಸ್ತಿಲ ತನಕ ಹೋದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಎದ್ದು, ತನ್ನ ಮುಂದೆ ಗುಡಿಸುತ್ತ ಅಂಗಡಿಯ ಬಾಗಿಲ ತನಕ ಬಂದಳು. ಹೀಗೆ ನಡುವಿನ ಜಾಗ ಎರಡು ಸಲ ಗುಡಿಸಿಕೊಂಡಿತು. ನಮ್ಮ ಕ್ಯಾಂಪಿನಲ್ಲಿಯೂ ಎಲ್ಲರೂ ದಿನಾ ಗುಡಿಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾವು ಗುಡಿಸಿದ್ದು ಪಕ್ಕದವರ ಗಡಿಗೆ ಹೋಗಿ ನಿಲ್ಲುತ್ತದೆ, ಪಕ್ಕದವರು ಗುಡಿಸಿದ್ದು ನಮ್ಮ ಗಡಿಗೆ ಬಂದು ನಿಲ್ಲುತ್ತದೆ, ನಡುವೆ ಒಂದು ಗೇಣು ಜಾಗ ಯಾರದೂ ಅಲ್ಲದೆ ದಿನದಿಂದ ದಿನಕ್ಕೆ ಎತ್ತರವಾಗುತ್ತದೆ. ನಾನು ಛತ್ರದ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತ ಇದನ್ನು ನೋಡಿ, ಬಾಯಿಯ ನೊರೆಯನ್ನು ಎಲ್ಲಿ ಉಗುಳಬೇಕೆಂದು ತಿಳಿಯದೆ ಒಳಗೆ ಓಡಿದೆ. ಶ್ರೀಲಂಕಾದಲ್ಲಿ ಕಸವೇ ಇಲ್ಲ ಎಂದರೆ ಸುಳ್ಳಾದೀತು. ಒಂದು ಮಾರುಕಟ್ಟೆಯ ಹಿಂದೆ ಎಲೆಯಡಿಕೆ ಉಗುಳಿ ಕೆಂಪಾದ ಗೋಡೆಯನ್ನು ನಾನೇ ನೋಡಿದ್ದೇನೆ. ಊರಿನ ನೆನಪಾಗಿ ಅದರೆದುರು ಸ್ವಲ್ಪ ಹೊತ್ತು ನಿಂತೆ ಕೂಡ. ಆದರೆ ಯಾತ್ರೆ ಮಾಡಿ ಬಂದವರು ಅಂಥ ಗೋಡೆಗಳ ಸುದ್ದಿ ಹೇಳುವುದಿಲ್ಲ. ನಾನೂ ಹೇಳಲಿಲ್ಲ.

ನನ್ನನ್ನು ಪೂರ್ತಿ ಕೆಡಿಸಿದ್ದು ಕ್ಯಾಂಡಿಗೆ ಹೋಗುವ ಬಸ್ಸು. ಶಾಂತಾ ಊರಿನಿಂದ ಹುರಿದ ಶೇಂಗಾ ತಂದಿದ್ದಳು, ಅಕ್ಕನ ಹೊಲದ್ದೇ. ಬಸ್ಸಿನಲ್ಲಿ ಶೇಂಗಾ ತಿನ್ನುವುದೆಂದರೆ ನಮ್ಮ ಕಡೆ ಕೈ, ಬಾಯಿ, ಕಾಲು ಮೂರಕ್ಕೂ ಕೆಲಸ: ಕೈ ಒಡೆಯುತ್ತದೆ, ಬಾಯಿ ತಿನ್ನುತ್ತದೆ, ಕಾಲು ಸಿಪ್ಪೆಯನ್ನು ಮುಂದಿನ ಸೀಟಿನ ಕೆಳಗೆ ತಳ್ಳುತ್ತದೆ. ನನ್ನ ಮೂರೂ ಅಂಗಗಳು ಯಾರೂ ಹೇಳದೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಪಕ್ಕದಲ್ಲಿ ಬಿಳಿ ಬಟ್ಟೆಯ ಮುದುಕರೊಬ್ಬರು ಕುಳಿತಿದ್ದರು. ಅವರು ಸ್ವಲ್ಪ ಹೊತ್ತು ನೋಡಿ, ಬಗ್ಗಿ, ನನ್ನ ಕಾಲಬುಡದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ತಮ್ಮ ಕರವಸ್ತ್ರದಲ್ಲಿ ಕಟ್ಟಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನನ್ನು ನೋಡಿ ನಕ್ಕರು. ಬೈದಿದ್ದರೆ ನಾನೂ ಎರಡು ಮಾತು ಆಡಿ ಮರೆಯಬಹುದಿತ್ತು. ಅಂದಿನಿಂದ ನಾನು ತಿಂದದ್ದರ ಸಿಪ್ಪೆ, ಹರಿದ ಟಿಕೆಟ್ಟು, ಬಿಸ್ಕೀಟಿನ ಕಾಗದ, ಬಾಳೆಹಣ್ಣಿನ ಸಿಪ್ಪೆಯನ್ನು ಕೂಡ ಅಂಗಿಯ ಕಿಸೆಯಲ್ಲೇ ಇಟ್ಟುಕೊಳ್ಳತೊಡಗಿದೆ. ಊರಿಗೆ ಬಂದು ಬಟ್ಟೆ ಒಗೆಯಲು ಕುಳಿತ ಶಾಂತಾ ಒಂದೊಂದೇ ಕಿಸೆಯನ್ನು ತಿರುವಿ ಹಾಕಿ, "ಎಲ್ಲಾರೂ ಶ್ರೀಲಂಕಾದಿಂದ ಮೂರ್ತಿ ತಂದಾರ, ನೀವು ಮೂರ್ತಿ ಜೋಡಿ ಅಲ್ಲಿಯ ಕಸಾನೂ ತಂದೀರಿ" ಎಂದಳು.

ಬಸ್ಸಿಳಿದು ಕ್ಯಾಂಪಿನ ಕಡೆ ನಡೆಯುವಾಗಲೇ ನಾನು ಮೂಗಿಗೆ ಕರವಸ್ತ್ರ ಹಿಡಿದಿದ್ದೆ. "ಹತ್ತ ದಿನದಾಗ ಮೂಗು ಬದಲಾತೇನ್ರಿ? ಐವತ್ತು ವರ್ಷ ಇದೇ ಮೂಗಿಲೇ ಉಸಿರಾಡೀರಿ" ಎಂದು ಶಾಂತಾ ಕೇಳಿದಳು. ಮರುದಿನದಿಂದ ನನ್ನ ಎಲ್ಲಾ ವಾಕ್ಯಗಳೂ "ಅಲ್ಲಿ" ಎಂದು ಶುರುವಾಗತೊಡಗಿದವು. ಅಲ್ಲಿ ಹೀಗಲ್ಲ. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನೆಲದ ಮೇಲೆ ಕುಳಿತು ಊಟ ಮಾಡಬಹುದು. ಅಲ್ಲಿ ಯಾರಾದರೂ ರಸ್ತೆಯಲ್ಲಿ ಉಗುಳಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಹತ್ತು ಜನ ನಾನೇ ಸೇರಿಸಿದ್ದು. ಒಬ್ಬರು ತಿರುಗಿ ನೋಡಿದ್ದು ನಿಜ, ಉಗುಳಿದವನು ನಾನಾಗಿದ್ದೆ. ಸುರಪುರದ ನನ್ನ ಮಾವನ ಮನೆಗೆ ಹಬ್ಬಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ಇದನ್ನೆಲ್ಲ ವಿವರವಾಗಿ ಹೇಳಿದೆ. ಅವರು ಮರ್ಯಾದಸ್ಥರು, ಎದುರು ಮಾತಾಡುವವರಲ್ಲ. ಮುಂದಿನ ಸಲ ಹೋದಾಗ ನನ್ನ ತಾಟಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದರು. ಏನೆಂದು ಕೇಳಿದ್ದಕ್ಕೆ, "ಮೆಣಸಿನಕಾಯಿ ತೊಟ್ಟು ಒಗಿಯಾಕರಿ" ಎಂದರು.

ಇಲ್ಲಿ ಕಾಲುವೆಯ ವಿಷಯ ಸ್ವಲ್ಪ ಹೇಳಬೇಕು. ನನ್ನ ಅಪ್ಪನ ಕಾಲದಲ್ಲಿ ಊರಿನ ಪ್ರತಿ ಮನೆಗೂ ತನ್ನದೇ ತಿಪ್ಪೆ ಇತ್ತು. ಮನೆಯ ಕಸ ಮನೆಯವರ ಕಣ್ಣೆದುರೇ ಬಿದ್ದು, ಅಲ್ಲೇ ಕೊಳೆತು, ಬೇಸಿಗೆಯಲ್ಲಿ ಬಂಡಿ ಹತ್ತಿ ಅವರ ಹೊಲಕ್ಕೇ ಹೋಗುತ್ತಿತ್ತು. ತಿಪ್ಪೆ ದೊಡ್ಡದಾಗಿದ್ದರೆ ಹೆಣ್ಣು ಕೊಡುವವರು ಕೂಡ ಮನೆತನ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದರು. ಕಾಲುವೆ ಬಂದ ಮೇಲೆ ಒಣಭೂಮಿ ಹಸಿರಾಯಿತು, ಮನೆಮನೆಗೆ ಟ್ರ್ಯಾಕ್ಟರು ಬಂತು, ತಿಪ್ಪೆ ಹೋಯಿತು. ನಮ್ಮ ಕ್ಯಾಂಪಿನ ಹಿಂದೆಯೇ ಕಾಲುವೆ ಹರಿಯುತ್ತದೆ. ಹಿತ್ತಲ ಬಾಗಿಲು ತೆಗೆದು ಬುಟ್ಟಿ ಬಗ್ಗಿಸಿದರೆ ಸಾಕು, ಅದು ಕಣ್ಣೆದುರಿನಿಂದ ಹೋಗಿಬಿಡುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಕ್ಯಾಂಪಿನವರು "ಕೆಳಗ" ಎನ್ನುತ್ತಿದ್ದರು. ಕೆಳಗೆ ಎಂದರೆ ಕಾಲುವೆಯ ಕೊನೆ. ಆ ಕೊನೆಯಲ್ಲಿ ದೋರನಹಳ್ಳಿಯ ಹೊಲಗಳಿವೆ, ಎಲ್ಲಕ್ಕಿಂತ ಕೊನೆಯಲ್ಲಿ ನನ್ನ ಅಕ್ಕ ಭೀಮಬಾಯಿಯ ಎರಡು ಎಕರೆ ಇದೆ. ಕಾಲುವೆಯ ದಂಡೆಯ ಕೆಳಗಿನಿಂದ ಹೊಲಕ್ಕೆ ನೀರು ಬಿಡುವ ಸಿಮೆಂಟಿನ ಕೊಳವೆಗೆ ನಾವು ತೂಬು ಎನ್ನುತ್ತೇವೆ. ಮೇಲಿನವರೆಲ್ಲ ಕುಡಿದು ಉಳಿದ ನೀರು ಅಕ್ಕನ ತೂಬಿಗೆ ಒಂದು ಸರದಿಯಲ್ಲಿ ಒಂದು ದಿನ ಬರುತ್ತದೆ. ಮೇಲಿನವರೆಲ್ಲ ಬಿಟ್ಟ ಕಸವೂ ಅದೇ ದಿನ ಬರುತ್ತದೆ. ಭಾವ ತೀರಿಕೊಂಡ ಮೇಲೆ ಹೊಲ ಅವಳೇ ನೋಡಿಕೊಳ್ಳುತ್ತಾಳೆ. ನಾನು ಹೈಸ್ಕೂಲಿಗೆ ಹೋಗುವಾಗ ಬೆಳಕು ಹರಿಯುವ ಮೊದಲು ರೊಟ್ಟಿ ಬಡಿದು ಬುತ್ತಿ ಕಟ್ಟಿದವಳೂ ಅವಳೇ.

ನನ್ನ ಸ್ವಚ್ಛತೆಯ ಹುರುಪಿಗೆ ಈ ಅಕ್ಕ ಒಳ್ಳೆಯ ಕಾರಣವಾದಳು. ಕ್ಯಾಂಪಿನವರು ಕಾಲುವೆಗೆ ಕಸ ಹಾಕಬಾರದು, ಕೆಳಗಿನ ರೈತರಿಗೆ ತೊಂದರೆಯಾಗುತ್ತದೆ ಎಂದು ಒಂದು ಸುತ್ತೋಲೆ ತಯಾರಿಸಿದೆ. ಗುಮಾಸ್ತನ ಕೈ, ಬೇರೆ ರೀತಿ ಬರೆಯಲು ಬರುವುದಿಲ್ಲ. "ವಿಷಯ: ಕಾಲುವೆಗೆ ತ್ಯಾಜ್ಯ ವಸ್ತುಗಳನ್ನು ಹಾಕದಿರುವ ಕುರಿತು. ಉಲ್ಲೇಖ: ಈ ಕೆಳಗೆ ಸಹಿ ಮಾಡಿದವರ ಶ್ರೀಲಂಕಾ ಪ್ರವಾಸ" ಎಂದು ಶುರುವಾಗಿ, "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಮುಂದುವರಿದು, ಒಂದೂವರೆ ಪುಟ ಆಯಿತು. ಮನೆಮನೆಗೆ ಹೋಗಿ ಓದಿಸಿ ಸಹಿ ಮಾಡಿಸಿಕೊಂಡೆ. ನಾನು ನಿರೀಕ್ಷಿಸಿರಲಿಲ್ಲ, ಆದರೆ ಒಂದು ತಿಂಗಳಲ್ಲಿ ಜನ ಕಸ ಹಾಕುವುದನ್ನು ಬಹುಮಟ್ಟಿಗೆ ಬಿಟ್ಟರು. ಸುತ್ತೋಲೆಯ ಬಲ ಎಂದೇ ನಾನು ತಿಳಿದಿದ್ದೆ. ಕಾಲುವೆಯ ಗೇಟು ಎತ್ತಿ ಇಳಿಸುವ ಖಾಜಾಸಾಬ ನಮ್ಮ ಪಕ್ಕದ ಮನೆಯವರು, ನಿಧಾನದ ಮನುಷ್ಯ. ಅವರು ನಿಜ ಹೇಳಿದರು. "ಅದೇನಿಲ್ರಿ ಸರ. ಬುಟ್ಟಿ ಹಿಡಕೊಂಡು ಕಾಲುವಿ ಕಡಿ ಹೋದ್ರ ನೀವು ಬಂದು ಕ್ಯಾಂಡಿ ಸುದ್ದಿ ಹೇಳ್ತೀರಿ. ಅರ್ಧ ತಾಸು ಯಾರು ನಿಂದರ್ತಾರ್ರಿ? ಅದಕ್ಕ ಮಂದಿ ಆ ಕಡಿ ಹಾಯವಲ್ರು." ಫಲ ಬಂದಿತಲ್ಲ, ಕಾರಣ ಏನಾದರೇನು ಎಂದು ನಾನು ಸಮಾಧಾನ ಮಾಡಿಕೊಂಡೆ.

ಹೊಸ ವರ್ಷದ ಕ್ಯಾಲೆಂಡರು ಮನೆಗೆ ಬಂದ ದಿನ ಶಾಂತಾ ನನ್ನನ್ನು ಒಳಗೆ ಕರೆದಳು. "ಊರ ಕಾಲುವಿ ಸ್ವಚ್ಛ ಮಾಡೀರಿ, ಬಾಳ ಛಲೋ ಆತು. ಈ ಅಲಮಾರಿ ಹಿಂದ ಯಾವ ದೇಶ ಅದ, ಒಮ್ಮಿ ನೋಡ್ರಿ." ನೋಡಿದೆ. ಹನ್ನೊಂದು ವರ್ಷದ ಕ್ಯಾಲೆಂಡರುಗಳು ಸುರುಳಿ ಸುತ್ತಿಕೊಂಡು ನಿಂತಿದ್ದವು. ಎಲ್ಲದರ ಮೇಲೂ ಬುದ್ಧನ ಚಿತ್ರ. ಜೊತೆಗೆ ಒಣಗಿದ ಹಾರಗಳು, ಎಳೆ ಬಿಟ್ಟ ಪಂಚರಂಗಿ ಬೌದ್ಧ ಬಾವುಟ. ಪ್ರತಿ ವರ್ಷ ಡಿಸೆಂಬರ್ ಮುಗಿದ ಮೇಲೆ ಏನು ಮಾಡಬೇಕೆಂದು ತೋಚದೆ ಅಲ್ಲಿಗೆ ಸೇರಿಸಿದ್ದೆ. ನೀವೇ ಹೇಳಿ, ಏನು ಮಾಡುತ್ತೀರಿ? ರದ್ದಿಯವನಿಗೆ ಕೊಟ್ಟರೆ ನಾಳೆ ಬುದ್ಧನ ಮುಖದ ಮೇಲೆ ಮಿರ್ಚಿಭಜಿ ಇಟ್ಟುಕೊಡುತ್ತಾರೆ. ಸುಡಲು ಮನಸ್ಸು ಬರುವುದಿಲ್ಲ. ಹುಗಿಯೋಣವೆಂದರೆ ಕ್ವಾರ್ಟರ್ಸಿನ ಅಂಗಳವೆಲ್ಲ ಸಿಮೆಂಟು. ಹಳೆಯ ಪಟ, ಒಣಗಿದ ಹೂವು, ಹರಿದ ಗ್ರಂಥ ಯಾವುದೇ ಆಗಲಿ, ನಮ್ಮ ಕಡೆ ಎಲ್ಲಾ ಧರ್ಮದವರೂ ಹರಿಯುವ ನೀರಿಗೆ ಬಿಡುತ್ತಾರೆ. ಅಪ್ಪ ಇದಕ್ಕಾಗಿಯೇ ವರ್ಷಕ್ಕೊಮ್ಮೆ ಗಂಟು ಕಟ್ಟಿಕೊಂಡು ಕೃಷ್ಣಾ ನದಿಗೆ ಹೋಗುತ್ತಿದ್ದ. ಈಗ ಕೃಷ್ಣೆಯೇ ಮನೆಯ ಹಿತ್ತಲಿಗೆ ಬಂದಿರುವಾಗ ಅಷ್ಟು ದೂರ ಯಾಕೆ ಹೋಗಬೇಕು? ಶ್ರೀಲಂಕಾದಲ್ಲಿ ಹಳೆಯ ಪಟಗಳನ್ನು ಏನು ಮಾಡುತ್ತಾರೆಂದು ಕೇಳಿಕೊಂಡು ಬರಬಹುದಿತ್ತು. ಯಾವ ಕಸಕ್ಕೆ ಯಾವ ಬಣ್ಣದ ಬುಟ್ಟಿ ಎಂಬುದನ್ನೂ ಕೇಳಿ ಬಂದವನು ಅದೊಂದನ್ನು ಕೇಳಲಿಲ್ಲ.

ಇದು ಕಾಲುವೆಗೆ ಕಸ ಹಾಕಿದಂತೆ ಆಗುವುದಿಲ್ಲವೇ ಎಂಬ ಯೋಚನೆ ನನಗೆ ಬಂದಿತೇ ಎಂದು ನೀವು ಕೇಳಬಹುದು. ಬರಲಿಲ್ಲ. ಕಸ ಎಂದರೆ ಬೇಡವೆಂದು ಒಗೆಯುವುದು. ಇದು ಮರ್ಯಾದೆಯಿಂದ ಕಳಿಸಿಕೊಡುವುದು. ನನ್ನ ತಲೆಯಲ್ಲಿ ಎರಡಕ್ಕೂ ಬೇರೆ ಬೇರೆ ಕಡತ ಇದ್ದವು. ಮರ್ಯಾದೆಗೆ ತಕ್ಕ ಚೀಲವೂ ಬೇಕಲ್ಲ ಎಂದು, ಕ್ಯಾಂಡಿಯ ಅಂಗಡಿಯಲ್ಲಿ ಮನೆಗೊಂದು, ಅಕ್ಕನಿಗೊಂದು ಮೂರ್ತಿ ಕೊಂಡಾಗ ಕೊಟ್ಟಿದ್ದ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಮನೆಯಲ್ಲಿ ಉಳಿದಿದ್ದನ್ನು ಹುಡುಕಿ ತೆಗೆದೆ. ಅದರ ಮೇಲೆ ಕೆಂಪು ಬಣ್ಣದ ಸಿಂಹಳ ಅಕ್ಷರಗಳು. ನಮ್ಮ ಕನ್ನಡದ ಅಕ್ಷರಗಳ ದೂರದ ನೆಂಟರಂತೆ ಗುಂಡಗಿರುತ್ತವೆ. ಎಲ್ಲವನ್ನೂ ಅದರಲ್ಲಿ ತುಂಬಿ ಬಾಯಿ ಕಟ್ಟಿದೆ. ಮುಂಜಾನೆ ಸ್ನಾನ ಮಾಡಿ, ಚಪ್ಪಲಿ ಕಳಚಿ, ಕಾಲುವೆಯ ಮೆಟ್ಟಿಲಿಗೆ ಇಳಿದು, ಕೈಮುಗಿದು, ವಿಹಾರದಲ್ಲಿ ಹೇಳುವಂತೆ ಮೂರು ಸಲ ಸಾಧು ಎಂದು ಗಂಟನ್ನು ನೀರಿಗೆ ಬಿಟ್ಟೆ. ಅದು ಒಮ್ಮೆ ಮುಳುಗಿ ಎದ್ದು ಮೆಲ್ಲಗೆ ತಿರುವಿನ ಕಡೆ ಹೋಯಿತು. ಕಾಲುವೆಯಲ್ಲಿ ಬೇರೆ ಒಂದು ಕಡ್ಡಿ ಕೂಡ ಇರಲಿಲ್ಲ. ನೀರು ಎಷ್ಟು ಸ್ವಚ್ಛವಾಗಿದೆ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಮರುದಿನ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅಕ್ಕನ ಫೋನು ಬಂತು. "ತಮ್ಮಾ, ನಮ್ಮ ತೂಬಿನ್ಯಾಗ ಯಾರದೋ ಗಂಟು ಬಂದು ಸಿಕ್ಕೊಂಡದ. ಮುಂಜಾನಿಂದ ಒಂದು ಹನಿ ನೀರು ಹೊಲಕ್ಕ ಇಳಿದಿಲ್ಲ. ಎಲ್ಲಾ ಮ್ಯಾಲಿಂದ ಹಾದು ಹಳ್ಳಕ್ಕ ಹೊಂಟದ. ಒಳಗ ಕೈ ಮುಟ್ಟವಲ್ದು. ಸಂಜಿಗೆ ಕಾಲುವಿ ಬಂದ್ ಆಗ್ತದಂತ. ಶೇಂಗಾ ಕಾಯಿ ತುಂಬೂ ಹೊತ್ತದ, ಈ ನೀರು ತಪ್ಪಿದ್ರ ಮುಗೀತು. ನೀ ಆಫೀಸಿನ್ಯಾಗ ಅದಿಯಲ್ಲ, ಇನ್ನೊಂದು ದಿನ ಬಿಡ್ರಿ ಅಂತ ಸಾಹೇಬ್ರಿಗಿ ಹೇಳು." ನನಗೆ ಸಿಟ್ಟು ನೆತ್ತಿಗೇರಿತು. ಮೊದಲು ಖಾಜಾಸಾಬರನ್ನು ದೋರನಹಳ್ಳಿಗೆ ಅಟ್ಟಿ, ಆಮೇಲೆ ಇಂಜಿನಿಯರ್ ಸಾಹೇಬರ ಮುಂದೆ ಹೋಗಿ ನಿಂತೆ. ಅವರು ಕೇಳಿ, ಕನ್ನಡಕ ತೆಗೆದು ಒರೆಸಿ, "ಒಂದು ತೂಬಿನ ಸಲುವಾಗಿ ಇಡೀ ಕಾಲುವಿ ಚಾಲು ಇಡಾಕ ಬರಂಗಿಲ್ರಿ. ಆದೇಶ ನೀವೇ ಟೈಪ್ ಮಾಡೀರಲ್ಲ" ಎಂದರು. ಹೌದು, ನಾನೇ ಮಾಡಿದ್ದೆ. "ಯಾವುದೇ ಕಾರಣಕ್ಕೂ ವಿಸ್ತರಿಸಲಾಗುವುದಿಲ್ಲ" ಎಂಬ ಸಾಲು ಅವರು ಹೇಳಿರಲಿಲ್ಲ, ವಾಕ್ಯ ಚೆನ್ನಾಗಿ ಮುಗಿಯಲಿ ಎಂದು ನಾನೇ ಸೇರಿಸಿದ್ದೆ. ಮೇಜಿಗೆ ಬಂದು ಎರಡನೆಯ ಸುತ್ತೋಲೆ ಶುರು ಮಾಡಿದೆ. ಅದರಲ್ಲಿ "ಅನಾಗರಿಕ" ಎಂಬ ಶಬ್ದ ಎರಡು ಕಡೆ, "ಇಂಥವರನ್ನು ಪತ್ತೆಹಚ್ಚಿ" ಎಂಬುದು ಒಂದು ಕಡೆ ಬಂದಿತ್ತು.

ಮರುದಿನ ಬೆಳಿಗ್ಗೆ ಆ ಕಾಗದ ಇನ್ನೂ ನನ್ನ ಮುಂದೆ ಇರುವಾಗಲೇ ಖಾಜಾಸಾಬ ಬಂದರು. "ತೂಬು ಬಿಚ್ಚಿದ್ವಿರಿ ಸರ. ಸಂಜಿ ಆರು ಹೊಡೀತು. ಐದಕ್ಕ ಮ್ಯಾಲಿನ ಗೇಟಿನವರು ಬಂದ್ ಮಾಡಿಬಿಟ್ಟಿದ್ರು, ನೀರು ಸಿಗಲಿಲ್ಲ ಅಕ್ಕಾರಿಗಿ." ಏನು ಸಿಕ್ಕಿತು ಎಂದು ಕೇಳಿದೆ. "ಕ್ಯಾಲೆಂಡರ್ ರೀ, ಹತ್ತು ಹನ್ನೊಂದು. ಮ್ಯಾಲ ಕೆಳಗ ತಗಡಿನ ಪಟ್ಟಿ ಇರ್ತಾವಲ್ಲ, ಅವು ಪೈಪಿಗೆ ಅಡ್ಡ ಕಚ್ಚಿ ಕುಂತಿದ್ವು. ಅದರ ಹಿಂದ ಹುಲ್ಲು ಬಂದು ಮೆತ್ಕೊಂಡಿತ್ತು." ಹೀಗೆ ಹೇಳಿ ಕಂಕುಳಿನಿಂದ ತೊಳೆದು ಮಡಚಿದ ಒಂದು ಚೀಲವನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಕೆಂಪು ಅಕ್ಷರಗಳು ಒಂದೂ ಅಳಿಸಿರಲಿಲ್ಲ. "ಇದು ಯಾವ ಭಾಷಾ ಸರ? ನಮ್ಮ ಉರ್ದು ಅಲ್ಲ. ತೆಲುಗೂ ಅಲ್ಲ ಅನಸ್ತದ." ನಾನು ಚೀಲವನ್ನು ಸ್ವಲ್ಪ ಹೊತ್ತು ನೋಡಿ, "ಮಲಯಾಳಂ ಇರಬೇಕು" ಎಂದೆ. ಅಷ್ಟರಲ್ಲಿ ಅಟೆಂಡರ್ ಬಂದ, ಸ್ಟೋರ್‌ಕೀಪರ್ ಬಂದರು. ಒಬ್ಬರು ತಮಿಳು ಎಂದರು, ಒಬ್ಬರು ಒಡಿಯಾ ಎಂದರು. ರಸ್ತೆ ಕೆಲಸಕ್ಕೆ ಬಂದ ಒಡಿಶಾದ ಕೂಲಿಗಳ ಮೇಲೆ ಅನುಮಾನ ಹೋಗುವ ಹೊತ್ತಿಗೆ ನಾನು, "ಅವರು ಪಾಪ, ಅವರಲ್ಲ ಬಿಡ್ರಿ" ಎಂದೆ. ನನ್ನ ಧೈರ್ಯ ಅಲ್ಲಿಗೇ ನಿಂತಿತು. ಎಲ್ಲರೂ ಹೋದ ಮೇಲೆ ಖಾಜಾಸಾಬ ಚೀಲವನ್ನು ಮತ್ತೆ ಮಡಚಿ ನನ್ನ ಮೇಜಿನ ಖಾನೆಯಲ್ಲಿ ಇಟ್ಟರು. "ನಿಮ್ಮ ಹಂತ್ಯಾಕ ಜ್ವಾಪಾನಾಗಿ ಅಮಾನತ್ ಇರಲಿರಿ ಸರ. ಯಾರರ ನಂದು ಅಂತ ಕೇಳಿದ್ರ ಕೊಡ್ರಿ." ಯಾರೂ ಕೇಳಲಿಲ್ಲ.

ಅಕ್ಕನಿಗೆ ಹೇಳಬೇಕೆಂದು ಅಂದೇ ನಿಶ್ಚಯಿಸಿದ್ದೆ. ಫೋನು ಕೈಗೆತ್ತಿಕೊಂಡರೆ, ಇಷ್ಟು ಸಣ್ಣ ವಿಷಯ ಫೋನಿನಲ್ಲಿ ಹೇಳಬಾರದು, ಎದುರಿಗೆ ಹೇಳಬೇಕು ಅನ್ನಿಸುತ್ತಿತ್ತು. ಎದುರಿಗೆ ಸಿಕ್ಕರೆ, ಇಷ್ಟು ದೊಡ್ಡ ವಿಷಯವನ್ನು ನಿಂತ ಕಾಲ ಮೇಲೆ ಹೇಳಬಾರದು ಅನ್ನಿಸುತ್ತಿತ್ತು. ಮುಂದಿನ ಸರದಿಯ ನೀರು ಬರುವಷ್ಟರಲ್ಲಿ ಅವಳ ಶೇಂಗಾ ಬಿಸಿಲಿಗೆ ಜೋತುಬಿದ್ದು ಅರ್ಧ ಹಳದಿಯಾಗಿತ್ತು. ಶಾಂತಾಳಿಗೆ ಹೇಳಿದ್ದೆ. ಅವಳು ಒಂದೇ ಮಾತು ಕೇಳಿದಳು: "ಯಾವಾಗ ಹೇಳ್ತೀರಿ?" ಆ ಪ್ರಶ್ನೆಗೆ ದಿನಕ್ಕೊಂದು ಉತ್ತರ ಕೊಡುತ್ತ ಎರಡು ತಿಂಗಳು ಕಳೆದೆ. ಈ ಎರಡು ತಿಂಗಳು ನಾನು ಯಾರಿಗೂ ಕ್ಯಾಂಡಿಯ ಸುದ್ದಿ ಹೇಳಲಿಲ್ಲ. ನಾನು ಹೇಳುವುದು ನಿಂತದ್ದನ್ನು ಗಮನಿಸಿ ಕ್ಯಾಂಪಿನವರು ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಮತ್ತೆ ಹಿತ್ತಲ ಬಾಗಿಲು ತೆರೆಯತೊಡಗಿದ್ದರು.

ಶೇಂಗಾ ಕೀಳುವ ಹೊತ್ತಿಗೆ ಒಂದು ಭಾನುವಾರ ದೋರನಹಳ್ಳಿಗೆ ಹೋದೆ. ಅಕ್ಕ ಬೇವಿನ ಮರದ ಕೆಳಗೆ ಬಳ್ಳಿಯ ಗುಡ್ಡೆ ಹಾಕಿಕೊಂಡು ಒಬ್ಬಳೇ ಕಾಯಿ ಬಿಡಿಸುತ್ತಿದ್ದಳು. ಬೇರೆ ವರ್ಷ ಆರು ಹೆಂಗಸರು ಬೇಕಾಗುತ್ತಿದ್ದ ಕೆಲಸ. ನಾನೂ ಎದುರಿಗೆ ಕುಳಿತು ಒಂದು ಕಾಯಿ ಒಡೆದೆ. ಎರಡು ಬೀಜ ಇರಬೇಕಾದಲ್ಲಿ ಒಂದೇ ಇತ್ತು, ಅದೂ ಸೊರಗಿತ್ತು. ಇನ್ನೊಂದು ಒಡೆದೆ, ಒಳಗೆ ಏನೂ ಇರಲಿಲ್ಲ. ಸಿಪ್ಪೆಯನ್ನು ಕಿಸೆಗೆ ಹಾಕಿಕೊಂಡದ್ದು ನೋಡಿ ಅಕ್ಕ, "ಇಲ್ಲೇ ಒಗಿಯಪ್ಪ, ಇದು ಹೊಲ" ಎಂದಳು. ನಾನು, "ಅಕ್ಕಾ, ಆ ತೂಬಿನ ಗಂಟು ನಂದು" ಎಂದೆ.

"ಗೊತ್ತದ" ಎಂದಳು, ಬಳ್ಳಿಯಿಂದ ಕಣ್ಣೆತ್ತದೆ.

"ಯಾವಾಗಿಂದ?"

"ಚೀಲ ಹೊರಗ ಬಂದಾಗಿಂದ. ಅಂಥದೇ ಚೀಲದಾಗ ಹಾಕಿ ನನಗ ಬುದ್ಧನ ಮೂರ್ತಿ ತಂದು ಕೊಟ್ಟೀದಿಯಲ್ಲ. ನಾ ಓದಾಕ ಬರದಾಕಿ, ಕಣ್ಣಿಲ್ಲದಾಕಿ ಅಲ್ಲ."

"ಮತ್ತ ಯಾಕ ಕೇಳಲಿಲ್ಲ?"

"ನೀ ಬಂದು ಹೇಳ್ತಿ ಅಂತ ಕಾದೆ. ಇವತ್ತು, ನಾಳಿ ಅಂತ. ಎರಡು ತಿಂಗಳ ಆತು."

ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಯಾದಾಗ ಸುಮ್ಮನಿರುವ ಬುದ್ಧಿ ಗುಮಾಸ್ತನಿಗೆ ಇರುವುದಿಲ್ಲ. ಸಮಜಾಯಿಷಿ ಬರೆದು ಬರೆದು ಕೈಗೂ ಬಾಯಿಗೂ ಅಭ್ಯಾಸವಾಗಿರುತ್ತದೆ. ಅದು ಕಸ ಅಲ್ಲ, ಕೈಮುಗಿದು ಮರ್ಯಾದೆಯಿಂದಲೇ ಬಿಟ್ಟಿದ್ದೆ ಎಂದು ವಿವರಿಸಿದೆ. ಅಕ್ಕ ಪೂರ್ತಿ ಕೇಳಿದಳು. "ಬಿಡೂ ಮುಂದ ಅದು ಏನಿತ್ತೋ ನನಗ ಗೊತ್ತಿಲ್ಲಪ್ಪ. ನನ್ನ ತೂಬಿಗಿ ಬಂದಾಗ ಅಡ್ಡ ಇತ್ತು" ಎಂದಳು. ಆಮೇಲೆ ಅವಳು ಎದ್ದು ಗುಡಿಸಲೊಳಗೆ ಹೋಗಿ ಒಂದು ಸುರುಳಿ ತಂದಳು. ಹನ್ನೊಂದು ಕ್ಯಾಲೆಂಡರುಗಳನ್ನೂ ಬಿಸಿಲಿಗೆ ಒಣಗಿಸಿ, ಸುಕ್ಕು ಬಿಡಿಸಿ, ಸೀರೆಯ ಅಂಚಿನಿಂದ ಕಟ್ಟಿದ್ದಳು. "ಪಟದಾಗ ಇದ್ದವರು ಏನ್ ತಪ್ಪು ಮಾಡ್ಯಾರ? ಒಯ್ದು ನಿನ್ನ ಮನ್ಯಾಗ ಹಚ್ಚು. ಗ್ವಾಡಿ ಸಾಲದಿದ್ರ ಒಂದರ ಮ್ಯಾಲ ಒಂದು ಹಚ್ಚು. ಊರ ಮಂದಿ ಯಾರದು ಗಂಟು ಅಂತ ಕೇಳಾಕತ್ತಿದ್ರು. ನಾ ಹೇಳಿಲ್ಲ, ಇಲ್ಲಿ ನಿನಗೊಂದು ಮರ್ಯಾದಿ ಅದ. ಆದ್ರ ಮುಂದ ಪ್ರತಿ ಸರದಿಗಿ ನೀರು ಬರೂಕಿನ ಮೊದಲ ನೀನೇ ಬಂದು ಈ ತೂಬು ತಗದು ಹೋಗ್ಬೇಕು. ಗುದ್ದಲಿ ಇಲ್ಲೇ ಇರ್ತದ." ಹೊರಡುವಾಗ ಎಂದಿನಂತೆ ಮನೆಗೆ ಶೇಂಗಾ ಕಟ್ಟಿ ಕೊಟ್ಟಳು. ಗಂಟು ಹಗುರವಾಗಿತ್ತು. ತೆಗೆದುಕೊಂಡು ಬಂದೆ.

ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಹನ್ನೊಂದು ಬುದ್ಧರಿದ್ದಾರೆ. ಬಂದವರು ಎಷ್ಟು ಭಕ್ತಿ ಎನ್ನುತ್ತಾರೆ, ಶಾಂತಾ ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತಾಳೆ. ಕಾಲುವೆ ಚಾಲು ಆಗುವ ಹಿಂದಿನ ದಿನ ನಾನು ತಪ್ಪದೆ ದೋರನಹಳ್ಳಿಗೆ ಹೋಗಿ, ಪ್ಯಾಂಟು ಮೊಣಕಾಲಿಗೆ ಏರಿಸಿ, ತೂಬಿನ ಬಾಯಿಗೆ ಕೈ ಹಾಕಿ ಕಸ ತೆಗೆಯುತ್ತೇನೆ. ಮೇಲಿನಿಂದ ಬಂದ ಪ್ಲಾಸ್ಟಿಕ್ಕು, ಬಟ್ಟೆ, ಹಾರ, ಒಮ್ಮೆ ನನ್ನ ಸುತ್ತೋಲೆಯ ಪ್ರತಿಯೂ ಸಿಕ್ಕಿತು. ಮೊದಲನೆಯ ಸಲ ಅಕ್ಕ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಕೊಂಕಲ್ ಕಡೆಯ ರೈತರೊಬ್ಬರು ಆ ದಾರಿಯಲ್ಲಿ ಬಂದವರು ಬೈಕು ನಿಲ್ಲಿಸಿ, "ಸಾಹೇಬ್ರು ಆಫೀಸಿನವರಾಗಿ ಸ್ವಂತ ಇಳಿದು ಮಾಡಾಕತ್ತೀರಿ. ಫಾರಿನ್ ಹೋಗಿ ಬಂದೀರಂತಲ್ರಿ, ಅಲ್ಲಿ ಹಿಂಗೇ ಮಾಡ್ತಾರೇನ್ರಿ?" ಎಂದು ಕೇಳಿದರು. "ಹೌದ್ರಿ, ಅಲ್ಲಿ ಅವರವರ ಕಸ ಅವರವರೇ ತಗೀತಾರ" ಎಂದೆ. ಅವರು ಕೈಮುಗಿದು ಹೋದರು. ಅಕ್ಕ, "ಈ ತೂಬಿನ್ಯಾಗ ನಿಂದು ಏನು ಸಿಕ್ಕಿತ್ತಂತ ಅವರಿಗಿ ಹೇಳಲಿಲ್ಲಲ್ಲ?" ಎಂದಳು. ಮುಂದಿನ ಸರದಿಗೆ ಹೇಳುತ್ತೇನೆ ಎಂದೆ. ಆಮೇಲೆ ನಾಲ್ಕು ಸರದಿ ಬಂದು ಹೋದವು. ಆ ರೈತರು ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಾರೆ, ನಾನೂ ಮಾಡುತ್ತೇನೆ. ಒಪ್ಪಿಕೊಳ್ಳುವುದನ್ನೆಲ್ಲ ಇಲ್ಲಿ ಬರೆದು ಒಪ್ಪಿಕೊಂಡಿದ್ದೇನಲ್ಲ, ಅಷ್ಟು ಸಾಕು ಎಂದುಕೊಂಡಿದ್ದೇನೆ. ವಿಚಾರಿಸಿದ್ದೇನೆ, ಈ ಪತ್ರಿಕೆ ದೋರನಹಳ್ಳಿಗಾಗಲಿ ಕೊಂಕಲ್ ಕಡೆಗಾಗಲಿ ಬರುವುದಿಲ್ಲ.